ಮಂಡಿ ನೋಡಲು ಬಂದವರು

ಬೆಳಗ್ಗೆ ಆಸ್ಪತ್ರೆಯಲ್ಲಿ ಮಂಡಿಯ ಕೀಲು ಬದಲಿಸಿ ಮಧ್ಯಾಹ್ನಕ್ಕೇ ಮನೆಗೆ ಕಳಿಸಿದ್ದರು. ಸಂಜೆಯಾಗುವಷ್ಟರಲ್ಲಿ ಮರಗಟ್ಟಿಸುವ ಇಂಜೆಕ್ಷನ್ನಿನ ಬಲ ಇಳಿದು ವಿಲೋರಾಳ ಕಾಲಿಗೆ ಬೆಂಕಿ ಬಿದ್ದಂತಾಗಿತ್ತು. ಆಗಲೇ ಪಕ್ಕದ ಮನೆಯ ಅರ್ಲೀನ್ ಬಂದು, ಮೆಕ್ಕೆಜೋಳದ ಬ್ರೆಡ್ ಮೇಜಿನ ಮೇಲಿಟ್ಟು, "ನಿನ್ನ ಬಚ್ಚಲುಮನೆಗೆ ಒಂದ್ಸಲ ಹೋಗ್ಬರ್ತೀನಿ ಕಣೇ" ಎಂದಳು.

"ಹೋಗು. ಕಪಾಟಲ್ಲಿ ಬರೀ ಜ್ವರದ ಮಾತ್ರೆ ಇದೆ. ಅಮಲಿನ ನೋವಿನ ಮಾತ್ರೆ ಬೇಡ ಅಂತ ಡಾಕ್ಟ್ರಿಗೆ ಹೇಳಿ ಬಂದಿದೀನಿ."

ಅರ್ಲೀನಳ ಮುಖ ಸಪ್ಪಗಾಯಿತು. ಬಚ್ಚಲಿನ ಅವಸರ ಎಲ್ಲಿ ಹೋಯಿತೋ, ಬಾಗಿಲೆಳೆದುಕೊಂಡು ಹೊರಟೇಬಿಟ್ಟಳು.

ವೆಸ್ಟ್ ವರ್ಜೀನಿಯಾದ ಆ ಕಲ್ಲಿದ್ದಲ ಕಣಿವೆಯಲ್ಲಿ ಯಾರಿಗೆ ಆಪರೇಷನ್ ಆದರೂ ಹೀಗೇ. ಕೈಯಲ್ಲಿ ಊಟ, ಕಣ್ಣು ಬಚ್ಚಲ ಕಪಾಟಿನ ಮೇಲೆ. ಆ ಮಾತ್ರೆ ಮಾರಿದವರು ಬಂಗಲೆ ಕಟ್ಟಿಸಿಕೊಂಡರು, ನುಂಗಿದವರು ಮಣ್ಣು ಸೇರಿದರು. ವಿಲೋರಾಳ ಹಿರಿಮಗನೂ ಸೇರಿದ. ಉಳಿದವನು ಟಾಲಿವರ್ ಒಬ್ಬ. ಮಾತ್ರೆ ಬಿಟ್ಟಿದ್ದೇನೆ ಎನ್ನುತ್ತಿದ್ದ. ಅವನಿಗೋಸ್ಕರವೇ ಅವಳು ಬೇಡವೆಂದದ್ದು. ಫೋನಿನಲ್ಲಿ ಅವನಿಗೂ ಹೇಳಿದ್ದಳು. ಆದರೂ ಬಂದ. ಮನೆಯಲ್ಲಿ ಏನೂ ಇಲ್ಲವೆಂದು ಗೊತ್ತಿದ್ದೂ ಬಂದನಲ್ಲ ಎಂದು ಅವಳ ಜೀವ ತಂಪಾಯಿತು.

ಟಾಲಿವರ್ ಮಂಜುಗಟ್ಟಿದ ಬಟಾಣಿಯ ಚೀಲವನ್ನು ಟವೆಲಿನಲ್ಲಿ ಸುತ್ತಿ ಅವಳ ಮಂಡಿಯ ಮೇಲಿಟ್ಟ. ಆಮೇಲೆ ನೆಲದ ಮೇಲೆ ಕೂತು, ಹಿಮ್ಮಡಿ ಹಿಡಿದು, ನರ್ಸ್ ಹೇಳಿಕೊಟ್ಟಂತೆ ಕಾಲನ್ನು ಮೆಲ್ಲಗೆ ಮಡಿಸಿದ.

"ನೋಯ್ತಿದ್ರೆ ಕೂಗ್ಕೋ ಅಮ್ಮ. ಪೊಲೀಸರೇನು ಬರಲ್ಲ."

"ಇದೊಂದು ನೋವೇನೋ? ನಿನ್ನ ಹೆತ್ತವಳು ನಾನು. ಕುಂಬಳಕಾಯಿ ತಲೆ ನಿಂದು."

ಅವನು ನಕ್ಕ. ಅವಳೂ ನಕ್ಕಳು; ಕಣ್ಣಲ್ಲಿ ನೀರು ಬಂತು. ಅದನ್ನು ಅವನೇ ತೋಳಿನಿಂದ ಒರೆಸಿದ. ಎದ್ದು, ಅಂಗಿ ಎಳೆದು ಸರಿಮಾಡಿಕೊಂಡು, ಅವಳ ಮುಖ ನೋಡದೆ ಹೇಳಿದ:

"ಒಂದ್ನಿಮಿಷ ಅಮ್ಮ. ಬಚ್ಚಲುಮನೆಗೆ ಹೋಗ್ಬರ್ತೀನಿ."

"ಹೋಗಪ್ಪ."

ಕಪಾಟಿನ ಬಾಗಿಲು ಕಿರುಗುಟ್ಟಿತು. ಡಬ್ಬಿಗಳು ಒಂದೊಂದಾಗಿ ಅಲುಗಿದವು. ಆಮೇಲೆ ಕೆಳಗಿನ ಡ್ರಾಯರು. ಆಮೇಲೆ ಅವಳು ಮಲಗುವ ಕೋಣೆಯ ಡ್ರಾಯರು. ವಿಲೋರಾ ರಿಮೋಟ್ ಎತ್ತಿಕೊಂಡು ಟೀವಿಯ ಸದ್ದು ಏರಿಸಿದಳು. ಇನ್ನೂ ಏರಿಸಿದಳು. ಮಗನಿಗೆ ಕೇಳಿಸಬಾರದೆಂದು ಅಷ್ಟು ಹೊತ್ತೂ ಹಲ್ಲು ಕಚ್ಚಿ ಹಿಡಿದಿದ್ದ ನರಳಾಟವನ್ನು, ಆ ಸದ್ದಿನ ಮರೆಯಲ್ಲಿ ಹೊರಗೆ ಬಿಟ್ಟಳು.