ಕೇಳದ ಅಳು

ಎಲ್ಲರೂ ಯಂತ್ರದ ಕಿವಿಯಿಂದಲೇ ಕೇಳುವ ಕಾಲ. ಬೆಟಗೇರಿಯ ಕಿವಿ ರಿಪೇರಿ ಅಂಗಡಿಯಲ್ಲಿ ನೀಲವ್ವ ಬೆಳಗಿನಿಂದ ಮೂವತ್ತು ಕಿವಿ ನೋಡಿ ಸೋತಿದ್ದಳು. ಆಗ ನೇಕಾರ ಈರಬಸಪ್ಪ ಮಗಳೊಂದಿಗೆ ಬಂದು ಕೂತ. ಮಗಳ ತೋಳಿನಲ್ಲಿ ಕೂಸು ಕಿರುಚಿ ಅಳುತ್ತಿತ್ತು.

"ಎಲ್ಲಾ ಕೇಳತೈತ್ರಿ ಅಕ್ಕಾರ, ಮಮ್ಮಗಳು ಅಳೂದೊಂದು ಕೇಳವಲ್ದು. ನಿನ್ನೆ ನನ್ನ ಹಿಂದನ ತೊಟ್ಟಿಲಿಂದ ಬಿದ್ದು ಅತ್ರೂ ತಿಳೀಲಿಲ್ಲ."

ನೀಲವ್ವ ಅವನ ಕಿವಿಗೆ ತಂತಿ ಜೋಡಿಸಿ, ಪರದೆ ನೋಡಿ ನಿಟ್ಟುಸಿರಿಟ್ಟಳು. ಅವನ ಹೊಸ ಕಿವಿ ಸೆಕೆಂಡಿಗೆ ಮೂವತ್ತೆರಡು ಸಾವಿರ ಸಲ ಸದ್ದು ಹಿಡಿಯುತ್ತಿತ್ತು. ಬೇಡದ ಸದ್ದು ಸೋಸುವ ಒಳಗಿನ ಫಿಲ್ಟರ್ ಇನ್ನೂ ಹಳೆಯ ಕಿವಿಯ ಹದಿನಾರು ಸಾವಿರದ ಲೆಕ್ಕದಲ್ಲೇ ಇತ್ತು. ಮಗ್ಗದ ಗುಂಯ್ ಸದ್ದನ್ನು ಅಳಿಸಬೇಕಾದ ಅದು ಎರಡು ಪಟ್ಟು ಮೇಲಿನ ಸ್ವರಕ್ಕೆ ಜಾರಿ, ಕೂಸಿನ ಅಳುವನ್ನು ಅಳಿಸುತ್ತಿತ್ತು. ಅವಳು ಅಂಕಿ ತಿದ್ದಿದಳು.

ಅಳು ಕಿವಿಗೆ ಬಿದ್ದು ಈರಬಸಪ್ಪ ಬೆಚ್ಚಿದ. ಮಗಳು ಹಾಲಿನ ಬಾಟಲಿ ತೆಗೆದಾಗ ಅವಳ ಕೈ ಹಿಡಿದ. "ತಡಿಯವ್ವಾ, ಇನ್ನೊಂದೀಟು ಅಳ್ಲಿ."

ಸಾಲಿನಲ್ಲಿದ್ದವರು ಗೊಣಗಿದರು. ಅವನನ್ನು ಏಳಿಸಲು ನೀಲವ್ವನಿಗೆ ಮನಸ್ಸಾಗಲಿಲ್ಲ.