ಬಾತ್‌ರೂಮ್ ಬಾಗಿಲಿನ ಆಚೆ, ಈಚೆ

ತುಮಕೂರಿನ ಒಂದು ಪುಟ್ಟ ಬಾಡಿಗೆ ಮನೆ... ಅದರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ, ಮತ್ತೆ ಇನ್ನೂ ಬಾರದ ಒಂದು ಮಗು.

ಗಂಡ ಉಮಾಪತಿ, ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಪ್ಯಾಕ್ ಮಾಡುವವನು. ಹೆಂಡತಿ ವಿಶಾಲಾಕ್ಷಿ, ಮನೆಯಲ್ಲೇ ಬಟ್ಟೆ ಹೊಲಿಯುವವಳು.

ಮಕ್ಕಳಾಗಲಿಲ್ಲ. ದತ್ತು ಕೇಂದ್ರಕ್ಕೆ ಅರ್ಜಿ ಹಾಕಿ ಕಾದರು... ಕಾದರು... ಕೊನೆಗೊಂದು ದಿನ ಫೋನ್ ಬಂತು.

"ಭಾನುವಾರ ನಮ್ಮ ಮೇಡಂ ನಿಮ್ಮ ಮನೆ ನೋಡೋಕೆ ಬರ್ತಾರೆ. ಪುಟ್ಟ ಮಗು ಇರೋಕೆ ಸೇಫಾ ಅಂತ ಅವರು ಒಪ್ಪಿದ್ರೇನೇ ಮುಂದಿನ ಮಾತು."

ಅಷ್ಟೇ... ಉಮಾಪತಿಯ ಮೈಮೇಲೆ ಏನೋ ಬಂದಂತಾಯಿತು.

ಟೀಪಾಯಿಯ ಮೂಲೆಗೆ ಬಬಲ್ ವ್ರ್ಯಾಪ್. ಮಂಚದ ಕಾಲಿಗೆ ಬಬಲ್ ವ್ರ್ಯಾಪ್. ಹೊಲಿಗೆ ಮಷಿನ್ನಿಗೆ ಎಷ್ಟು ಸುತ್ತು ಸುತ್ತಿದನೆಂದರೆ, ಅದು ಚಳಿಜ್ವರ ಬಂದ ಆನೆಮರಿಯಂತೆ ಕಾಣುತ್ತಿತ್ತು.

ಪ್ಲಗ್ ಪಾಯಿಂಟಿಗೆ ಮುಚ್ಚಳ, ಡ್ರಾಯರಿಗೆ ಲಾಕ್, ಅಡುಗೆಮನೆ ಕಪಾಟಿಗೆ ಲಾಕ್... ರಾಜಕುಮಾರಿಯನ್ನು ಏಳು ಸುತ್ತಿನ ಕೋಟೆಯಲ್ಲಿ ಬಚ್ಚಿಟ್ಟ ರಾಕ್ಷಸನೂ ಇಷ್ಟು ಶ್ರದ್ಧೆ ತೋರಿರಲಾರ!

"ರೀ, ನನ್ನನ್ನೂ ಸುತ್ತಿ ಮೂಲೇಲಿ ಇಟ್ಬಿಡಿ," ಎಂದಳು ವಿಶಾಲಾಕ್ಷಿ.

"ನೀನು ಒಡೆಯೋ ಸಾಮಾನಲ್ಲ ಬಿಡೇ... ಒಡೆದು ಹಾಕೋ ಪೈಕಿ."

ಭಾನುವಾರ ಕಾತ್ಯಾಯಿನಿ ಮೇಡಂ ಬಂದರು. ದಪ್ಪ ಕನ್ನಡಕ, ಗಂಜಿ ಹಾಕಿದ ಕಾಟನ್ ಸೀರೆ. ನಗುವನ್ನು ಮನೆಯ ಬೀರುವಿನಲ್ಲೇ ಇಟ್ಟು ಬಂದವರಂತೆ ಕಾಣುತ್ತಿದ್ದರು.

"ಸ್ವಲ್ಪ ನೀರು ಕೊಡ್ತೀರಾ?"

ವಿಶಾಲಾಕ್ಷಿ ಅಡುಗೆಮನೆಗೆ ಓಡಿದಳು. ಲೋಟಗಳೆಲ್ಲ ಕಪಾಟಿನೊಳಗೆ...

"ರೀ, ಇದನ್ನ ಹೇಗ್ರೀ ತೆಗೆಯೋದು?"

"ಒತ್ತಿ, ಎತ್ತಿ, ಎಳೀಬೇಕು ಕಣೇ."

"ಒತ್ತಿದೆ, ಎತ್ತಿದೆ, ಎಳೆದೆ... ಈಗ ಅಳ್ಲಾ?"

ಕೊನೆಗೆ ನೀರು ಬಂದದ್ದು ದೇವರ ಮುಂದಿನ ಪುಟ್ಟ ಚೊಂಬಿನಲ್ಲಿ. ಮೇಡಂ ಕುಡಿದು, "ಬಾತ್‌ರೂಮ್ ನೋಡಬೇಕು" ಎಂದರು.

ಮಗು ಬಕೆಟ್ ನೀರಿನ ಹತ್ತಿರ ಹೋಗಬಾರದೆಂದು ಉಮಾಪತಿ ಆ ಬಾಗಿಲಿಗೂ ಹೊರಗಿನಿಂದ ಒಂದು ಲಾಕ್ ಹಾಕಿದ್ದ. ಬಾಗಿಲು ಮುಚ್ಚಿದರೆ ಸಾಕು, ತಾನಾಗಿಯೇ ಬೀಳುವಂಥದ್ದು.

ಮೇಡಂ ಒಳಗೆ ಹೋದರು. ಗಾಳಿ ಬೀಸಿತು. ಬಾಗಿಲು ದಡ್ ಎಂದಿತು. ಲಾಕ್ ಬಿತ್ತು... ಅದೇ ಹೊತ್ತಿಗೆ ಕರೆಂಟೂ ಹೋಯಿತು!

ಮೇಡಂ ಒಳಗಿನಿಂದ ಜೋರಾಗಿ ಜಗ್ಗಿದರು. ಲಾಕ್ ಸೊಟ್ಟಗಾಗಿ ಕಚ್ಚಿಕೊಂಡಿತು. ಈಗ ಸ್ಕ್ರೂ ಬಿಚ್ಚಿಯೇ ತೆಗೆಯಬೇಕು.

"ಸ್ಕ್ರೂಡ್ರೈವರ್ ಎಲ್ಲಿದೇರೀ?"

"ಡ್ರಾಯರಲ್ಲಿ..."

"ಡ್ರಾಯರ್?"

"ಲಾಕ್ ಆಗಿದೆ..."

ಅಷ್ಟರಲ್ಲಿ ಒಳಗಿನಿಂದ ಒಂದು ಚೀರಾಟ. "ಅಯ್ಯಯ್ಯೋ, ಹಲ್ಲಿ! ಬಾಗಿಲ ಮೇಲೇ ಇದೆ! ಬೇಗ ತೆಗೀರಿ!"

ಅದು ಮೇಡಂ ಧ್ವನಿಯಂತಿರಲಿಲ್ಲ... ಹೆದರಿದ ಪುಟ್ಟ ಹುಡುಗಿಯ ಧ್ವನಿಯಂತಿತ್ತು.

ಉಮಾಪತಿ ಡ್ರಾಯರಿನ ಜೊತೆ ಕುಸ್ತಿಗೆ ಓಡಿದ. ವಿಶಾಲಾಕ್ಷಿ ಒಂದು ಕ್ಷಣ ನಿಂತಳು. ಆಮೇಲೆ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಬೋರಲು ಮಲಗಿ, ಬಾಗಿಲ ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿದಳು.

"ಮೇಡಂ, ಕೂತ್ಕೊಂಡು ನನ್ನ ಬೆರಳು ಹಿಡ್ಕೊಳಿ. ಅದು ಹಲ್ಲಿ ಅಲ್ಲ... ಈ ಅರಮನೆ ದಿವಾನರು."

ಒಳಗಿನಿಂದ ನಾಲ್ಕು ತಣ್ಣನೆಯ ಬೆರಳುಗಳು ಅವಳ ಬೆರಳನ್ನು ಬಿಗಿಯಾಗಿ ಹಿಡಿದವು.

"ಒಂದೂರಲ್ಲಿ ಸೊಳ್ಳೆಗಳ ರಾಜ ಇದ್ದ. ದೊಡ್ಡ ಸೈನ್ಯ ಕಟ್ಕೊಂಡು ಈ ಅರಮನೆ ಮೇಲೆ ದಂಡೆತ್ತಿ ಬಂದ..."

"...ಆಮೇಲೆ?"

"ರಾಣಿಗೆ ನಿದ್ದೆ ಇಲ್ಲ. ಆಗ ಗೋಡೆ ಮೇಲಿಂದ ದಿವಾನರು ಅಂದ್ರು, ನಾನಿದ್ದೀನಿ ತಾಯಿ, ನೀವು ಮಲಗಿ ಅಂತ."

"ಮೇಲೆ ಬೀಳಲ್ವಾ ಅದು?"

"ದಿವಾನರಿಗೆ ಮರ್ಯಾದೆ ಗೊತ್ತು ಮೇಡಂ. ನಾನೂ ಇಲ್ಲೇ ಇದ್ದೀನಿ. ನೀವು ಹೊರಗೆ ಬರೋವರೆಗೂ ಕೈ ಬಿಡಲ್ಲ."

ಲೊಚ್ ಲೊಚ್ ಲೊಚ್... ಎಂದಿತು ಹಲ್ಲಿ.

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜ ಎಂದಲ್ಲವೇ? ವಿಶಾಲಾಕ್ಷಿ ಅಭ್ಯಾಸಬಲದಿಂದ ಇನ್ನೊಂದು ಕೈಯಲ್ಲಿ ನೆಲ ಕುಟ್ಟಿದಳು, ಟಕ್ ಟಕ್.

ಬಾಗಿಲಿನ ಆಚೆಯಿಂದಲೂ ಕೇಳಿಸಿತು... ಟಕ್ ಟಕ್!

ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು.

ಆಗಲೇ ಡ್ರಾಯರ್ ಇಡಿಯಾಗಿ ಕಿತ್ತು ಉಮಾಪತಿಯ ಕಾಲ ಮೇಲೆ ಬಿತ್ತು. "ಅಮ್ಮಾ!" ಎಂದು ಕುಂಟುತ್ತಲೇ ಬಂದು ಸ್ಕ್ರೂ ಬಿಚ್ಚಿದ.

ಮೇಡಂ ಹೊರಗೆ ಬಂದರು. ಬೆವೆತ ಮುಖ, ಕೆದರಿದ ಕೂದಲು. ಗಂಡ ಹೆಂಡತಿ ತಲೆ ತಗ್ಗಿಸಿ ನಿಂತರು. ಕೈಗೆ ಬಂದ ಮಗು ಜಾರಿಯೇ ಹೋಯಿತು ಎಂದು ಇಬ್ಬರಿಗೂ ಅನ್ನಿಸಿತ್ತು.

"ಮೇಡಂ... ಇನ್ನೊಂದು ಸಲ ಬಂದು ನೋಡಿ. ಎಲ್ಲ ಸರಿ ಮಾಡ್ತೀನಿ," ಉಮಾಪತಿ ಕೈ ಮುಗಿದ.

"ಖಂಡಿತ ಸರಿ ಮಾಡಬೇಕು. ಬಾಗಿಲಿಗೆ ಇಂಥ ಲಾಕ್ ಹಾಕ್ತಾರೇನ್ರೀ? ಮನೆ ನೋಡಿದ್ರೆ ನೀವು ಫೇಲು!"

ವಿಶಾಲಾಕ್ಷಿಯ ಕಣ್ಣು ತುಂಬಿತು.

ಮೇಡಂ ಕನ್ನಡಕ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು...

"ಮಗು ಹೆದರಿದ್ರೆ ಏನ್ಮಾಡ್ತೀರಾ ಅಂತ ಎಲ್ಲರನ್ನೂ ಕೇಳ್ತೀನಮ್ಮ. ಎಲ್ಲರೂ ಚೆನ್ನಾಗೇ ಉತ್ತರ ಹೇಳ್ತಾರೆ. ನಿಮ್ಮನ್ನ ಕೇಳೋದೇ ಬೇಕಾಗಿಲ್ಲ... ಆ ಮಗು ಇವತ್ತು ನಾನೇ ಆಗಿದ್ದೆ. ಲಾಕ್ ಬದಲಾಯಿಸಿ ಫೋಟೋ ಕಳಿಸಿ. ನನ್ನ ಒಪ್ಪಿಗೆ ಇದೆ."

ವಿಶಾಲಾಕ್ಷಿ ನಿಂತಲ್ಲೇ ಕುಸಿದು ಅತ್ತಳು. ಉಮಾಪತಿಯೂ ಅತ್ತ... "ಕಾಲು ನೋವು ಮೇಡಂ" ಎಂದು ಸುಳ್ಳು ಹೇಳಿದ.

ಕೆಲವು ತಿಂಗಳಿಗೆ ಆ ಮನೆಗೆ ಒಂದೂವರೆ ವರ್ಷದ ಹುಡುಗಿ ಬಂದಳು. ಬಂದ ದಿನವೇ ಅಪ್ಪನ ಮೊಬೈಲನ್ನು ದೋಸೆ ಹಿಟ್ಟಿನೊಳಗೆ ಮುಳುಗಿಸಿದಳು. ಅಪ್ಪ ಅದನ್ನು ಇಡೀ ಬೀದಿಗೆ ಹೆಮ್ಮೆಯಿಂದ ತೋರಿಸಿ ಬಂದ!

*ಮನೆಯ ಮೂಲೆಗಳನ್ನು ಮೆತ್ತಗೆ ಮಾಡೋಣ, ಆದರೆ ಮಗು ಹೆದರಿದಾಗ ಹಿಡಿದುಕೊಳ್ಳುವುದು ಮೂಲೆಯನ್ನಲ್ಲ, ನಮ್ಮ ಬೆರಳನ್ನು.*

ನಿಮ್ಮ ಮನೆಯಲ್ಲಿ ಇವತ್ತು ಯಾರಾದರೂ ಮುಚ್ಚಿದ ಬಾಗಿಲಿನ ಆಚೆ ಹೆದರಿ ಕೂತಿದ್ದಾರಾ... ಒಮ್ಮೆ ನೋಡುತ್ತೀರಾ?