ಒಂದು ತಂಬಿಗೆ ನೀರು

ಮಗಳ ಬಾಣಂತನ ಮುಗಿಸಿ ಲಕ್ಷ್ಮೇಶ್ವರಕ್ಕೆ ಮರಳಿದ ಭಾಗೀರಥಿಬಾಯಿ ಹಿತ್ತಲಿನಲ್ಲಿ ಗಿಡ ಬೆಳೆಸುವ ಗಾಜಿನ ಮನೆಯ ಬಾಗಿಲು ತೆರೆದು ಹಾಗೇ ನಿಂತುಬಿಟ್ಟಳು. ನಾರಿನ ಬುಟ್ಟಿಯಲ್ಲಿ ತೂಗುತ್ತಿದ್ದ ಹೂಗಳ್ಳಿಯ ಚಪ್ಪಟೆ ಎಲೆಗಳು ಸೊರಗಿದ್ದವು. ಆದರೆ ಅವುಗಳ ಅಂಚಿನಲ್ಲಿ ಐದು ಕೆಂಪು ಮೊಗ್ಗು! ಏಳು ವರ್ಷ ತುಳಸಿಗೆ ಹಾಕಿದಂತೆ ದಿನಾ ಒಂದು ತಂಬಿಗೆ ನೀರು ಹಾಕಿದರೂ ಅದು ಒಂದೇ ಒಂದು ಹೂ ಬಿಟ್ಟಿರಲಿಲ್ಲ.

“ದಿನಾ ನೀರು ಹಾಕಿದ್ರೇನ್ರಿ?”

ಹಿಂದೆ ಅಳುಕುತ್ತ ನಿಂತಿದ್ದ ಗಂಡ ಶ್ರೀಪಾದರಾಯ ತಲೆ ಕೆರೆದುಕೊಂಡ. “ಖರೆ ಹೇಳ್ತೀನಿ, ಬೈಬ್ಯಾಡ. ಕನ್ನಡ ನಾಡು ಒಂದು ಮಾಡ್ಲಿಕ್ಕೆ ಸಭಾ, ಮೆರವಣಿಗಿ ಅಂತ ತಿರುಗಿದೆ. ಈ ಚಳಿಗಾಲದಾಗ ಎರಡು ತಿಂಗಳು ನಿನ್ನ ಕಳ್ಳೀನ ಮರ್ತ್ಬಿಟ್ಟೆ.”

ಇಷ್ಟು ದಿನ ಹೂವನ್ನು ತಡೆದದ್ದು ತನ್ನ ನೀರೇ ಎಂದು ಹೊಳೆದು ಅವಳಿಗೆ ನಗು ಉಕ್ಕಿತು. ತಂಬಿಗೆಯನ್ನು ಗಂಡನ ಕೈಗಿಟ್ಟಳು.

“ಮುಂದಿನ ಚಳಿಗಾಲಕ್ಕೂ ಇದಕ್ಕ ನೀರು ಹಾಕೋ ಕೆಲಸ ನಿಮ್ದ!”